ದಾಯಾದಿಯ ಏಳಿಗೆ

ಪಕ್ಕದ ಮನೆಯವನು ನಮಗಿಂತ ಸ್ಥಿತಿವಂತನಾದರೆ ನಮಗೆ ಆಗುವ ನಷ್ಟವೇನು? ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಏನೂ ಇಲ್ಲ. ನಮ್ಮ ಡಬ್ಬಿಯ ಅಕ್ಕಿ ಇದ್ದಷ್ಟೇ ಇರುತ್ತದೆ, ಪಾಸ್‌ಬುಕ್ಕಿನ ಶಿಲ್ಕೂ ಇದ್ದಷ್ಟೇ. ಆದರೂ ಒಳಗೆಲ್ಲೋ ಚುರ್ ಅನ್ನುತ್ತದೆ. ಮನುಷ್ಯರಿಗೆ ಹೀಗಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕೋಟಿಗಟ್ಟಲೆ ಜನರಿರುವ ರಾಜ್ಯಗಳಿಗೂ ದೇಶಗಳಿಗೂ ಹೀಗಾಗುತ್ತದಲ್ಲ, ಅದರ ಬಗ್ಗೆ ಒಂದಿಷ್ಟು ಬರೆಯಬೇಕು ಅನ್ನಿಸಿದೆ. ಯಾಕೆಂದರೆ ಈ ವಿಷಯದಲ್ಲಿ ನಾನು ಎರಡೂ ಮನೆಯ ಅನ್ನ ಉಂಡವನು.

2024ರ ಸೆಪ್ಟೆಂಬರಿನಲ್ಲಿ ಪ್ರಧಾನಮಂತ್ರಿಗಳ ಆರ್ಥಿಕ ಸಲಹಾ ಮಂಡಳಿಯಿಂದ ಒಂದು ಪ್ರಬಂಧ ಹೊರಬಂತು. 1960-61ರಿಂದ 2023-24ರ ತನಕ ಯಾವ ರಾಜ್ಯ ಎಲ್ಲಿತ್ತು, ಈಗ ಎಲ್ಲಿದೆ ಅನ್ನುವ ಲೆಕ್ಕ ಅದರಲ್ಲಿತ್ತು. ದೇಶದ ಸರಾಸರಿ ತಲಾ ಆದಾಯವನ್ನು 100 ಅಂತ ಇಟ್ಟುಕೊಂಡರೆ 1960-61ರಲ್ಲಿ ಮಹಾರಾಷ್ಟ್ರ 134ರ ಹತ್ತಿರ ಇತ್ತು. ನಮ್ಮ ಆಗಿನ ಮೈಸೂರು ರಾಜ್ಯ 97ರ ಆಸುಪಾಸು, ಅಂದರೆ ಸರಾಸರಿಗಿಂತ ಕೆಳಗೆ. 2023-24ಕ್ಕೆ ಬರುವಾಗ ಕರ್ನಾಟಕ 181, ಮಹಾರಾಷ್ಟ್ರ 151. ಮಹಾರಾಷ್ಟ್ರ ಬಿದ್ದಿಲ್ಲ, ಅದೂ ಏರಿದೆ. ಕರ್ನಾಟಕ ಅದರ ತಲೆಯ ಮೇಲಿಂದ ಹಾರಿಹೋಗಿದೆ, ಅಷ್ಟೆ.

ನೆರೂಳದಲ್ಲಿ ಬೆಳಿಗ್ಗೆ ತಿರುಗಾಡಲು ಹೋಗುವ ನಿವೃತ್ತರ ಒಂದು ಗುಂಪಿದೆ. ಬ್ಯಾಂಕಿನವರು, ಬಂದರಿನವರು, ಠಾಣೆ-ಬೇಲಾಪುರ ರಸ್ತೆಯ ಕೆಮಿಕಲ್ ಕಾರ್ಖಾನೆಗಳಲ್ಲಿ ಜೀವ ಸವೆಸಿದವರು. ಅರ್ಧ ಮರಾಠಿ, ಉಳಿದವರಲ್ಲಿ ನಾವು ಕೆಲವರು ಕನ್ನಡ-ತುಳು-ಕೊಂಕಣಿ, ಒಂದಿಬ್ಬರು ಮಲಯಾಳಿ. ಈ ಅಂಕಿಸಂಖ್ಯೆ ಪೇಪರಿನಲ್ಲಿ ಬಂದಾಗ ನಮ್ಮ ಕನ್ನಡದವರ ಮುಖ ನೋಡಬೇಕಿತ್ತು! ತಾವೇ ವಿಧಾನಸೌಧ ಕಟ್ಟಿದ ಹಾಗೆ. ನಮ್ಮ ಮರಾಠಿ ಕಾಕಾ ಒಬ್ಬರು (ಎಲ್ಲರೂ ಕಾಕಾ ಅಂತಲೇ ಕರೆಯುವುದು, ನನಗಿಂತ ಹತ್ತು ವರ್ಷ ಹಿರಿಯರು) ಮೊದಲಿಗೆ "ಒಟ್ಟು ಮೊತ್ತದಲ್ಲಿ ಇವತ್ತಿಗೂ ನಾವೇ ನಂಬರ್ ಒನ್" ಅಂದರು. ಅದು ನಿಜ. ದೇಶದ ಒಟ್ಟು ಉತ್ಪನ್ನದಲ್ಲಿ ಮಹಾರಾಷ್ಟ್ರದ ಪಾಲು ನೂರಕ್ಕೆ 13ಕ್ಕೂ ಮಿಕ್ಕಿ, ಕರ್ನಾಟಕದ್ದು 8ಕ್ಕೆ ಸ್ವಲ್ಪ ಮೇಲೆ. ಆಮೇಲೆ, "ನಮ್ಮಲ್ಲಿಗೆ ಇಡೀ ದೇಶದ ಬಡವರು ಬರ್ತಾರೆ, ತಲೆ ಎಣಿಸಿದರೆ ಸರಾಸರಿ ಕಮ್ಮಿ ಆಗದೆ ಏನು?" ಅಂದರು. ಇದರಲ್ಲೂ ಹುರುಳಿದೆ. ಕೊನೆಗೆ ಸುಮ್ಮನೆ ನಡೆದರು. ಆ ಮೌನ ನನಗೆ ಅವರ ಎರಡು ವಾದಗಳಿಗಿಂತ ಹೆಚ್ಚು ಕಾಡಿತು.

ಮೊದಲು ನಮ್ಮವರ ಹೆಮ್ಮೆಯನ್ನೇ ಸ್ವಲ್ಪ ಆಡಿಟ್ ಮಾಡೋಣ. ತಲಾ ಆದಾಯ ಅಂತ ನಾವು ಹೇಳುವುದು ಆ ರಾಜ್ಯದ ಗಡಿಯೊಳಗೆ ಹುಟ್ಟಿದ ಉತ್ಪನ್ನವನ್ನು ಅಲ್ಲಿರುವ ತಲೆಗಳಿಂದ ಭಾಗಿಸಿದ್ದು. ನಾನು ಮೂರೂವರೆ ದಶಕ ದುಡಿದದ್ದು ಮಹಾರಾಷ್ಟ್ರದಲ್ಲಿ. ನನ್ನ ಸಂಬಳ ಸೇರಿದ್ದು ಮಹಾರಾಷ್ಟ್ರದ ಭಾಜ್ಯಕ್ಕೆ, ನನ್ನ ತಲೆ ಸೇರಿದ್ದು ಮಹಾರಾಷ್ಟ್ರದ ಭಾಜಕಕ್ಕೆ. ಕರ್ನಾಟಕದ 181ರಲ್ಲಿ ನನ್ನ ಒಂದು ಪೈಸೆಯೂ ಇಲ್ಲ. ನನ್ನಿಂದ ಅದಕ್ಕೆ ಏನಾದರೂ ಉಪಕಾರವಾಗಿದ್ದರೆ ಅಲ್ಲಿಂದ ಎದ್ದು ಬಂದು ಒಂದು ತಲೆ ಕಮ್ಮಿ ಮಾಡಿದ್ದು. ಇನ್ನೊಂದು ಮಾತು: ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ತಿಂಗಳಿಗೊಮ್ಮೆ ಕರಾವಳಿಯ ಊರುಗಳಿಗೆ ಮನಿಯಾರ್ಡರ್ ಕಳಿಸಿದರಲ್ಲ ನಮ್ಮ ಹಿಂದಿನವರು, ಆ ದುಡ್ಡೂ ಈ ಲೆಕ್ಕದಲ್ಲಿ ಬರುವುದಿಲ್ಲ. ತಂಗಿಯ ಮದುವೆ, ಮನೆಯ ಹೆಂಚು, ತಮ್ಮನ ಕಾಲೇಜು ಫೀ ಎಲ್ಲ ಅದರಿಂದಲೇ ಆಯಿತು. ಆದರೆ ರಾಜ್ಯದ ಉತ್ಪನ್ನದ ಕೋಷ್ಟಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಹಾಗಾದರೆ ಹೊರನಾಡ ಕನ್ನಡಿಗ ಹೆಮ್ಮೆಪಡಬಾರದೇ? ಪಡಲಿ. ತಮ್ಮನ ಮಗ ಪಾಸಾದರೆ ದೊಡ್ಡಪ್ಪ ಪೇಡ ಹಂಚುವುದಿಲ್ಲವೇ, ಹಾಗೆ. ಆದರೆ ಪೇಡದ ಡಬ್ಬಿ ಹಿಡಿದುಕೊಂಡು ಪಕ್ಕದ ಮನೆಯವರ ಮಗ ಎಷ್ಟು ಮಾರ್ಕು ತೆಗೆದ ಅಂತ ಕೇಳಿಕೊಂಡು ಹೋಗುವುದಿದೆಯಲ್ಲ, ಅದು ಬೇರೆಯೇ ಕಾಯಿಲೆ.

ಈ ಎರಡು ರಾಜ್ಯಗಳು ಬರೀ ನೆರೆಹೊರೆ ಅಲ್ಲ, ದಾಯಾದಿಗಳು. ಇದನ್ನು ಬೆಂಗಳೂರು-ಮೈಸೂರು ಕಡೆಯವರು ಸಾಮಾನ್ಯವಾಗಿ ಮರೆತಿರುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಬೆಳಗಾವಿ, ಧಾರವಾಡ, ವಿಜಾಪುರ ಮೊದಲೇ ಅಲ್ಲಿದ್ದವು. 1956ರ ನವೆಂಬರ್ 1ರ ತನಕ ಈ ನಾಲ್ಕೂ ಜಿಲ್ಲೆಗಳ ರಾಜಧಾನಿ ಮುಂಬಯಿ. ಅಂಕೋಲೆಯಿಂದ ನಮ್ಮ ಅಪ್ಪನ ತಲೆಮಾರಿನವರು ಮುಂಬಯಿಗೆ ಹೊರಟರೆ ಪರರಾಜ್ಯಕ್ಕೆ ಹೋದ ಹಾಗಲ್ಲ. ತಾಲೂಕಿನವ ರಾಜಧಾನಿಗೆ ಹೋದ ಹಾಗೆ. ಬೆಂಗಳೂರು ಅವರಿಗೆ ಎಲ್ಲೋ ದೂರದ ಮಹಾರಾಜರ ಸೀಮೆ. ಪಾಲಾಯಿತು, ಒಂದೇ ಅಂಗಳದಲ್ಲಿ ಗೋಡೆ ಎದ್ದಿತು. ಪಾಲಾದ ಮೇಲೆ ದಾಯಾದಿಗಳಲ್ಲಿ ಆಗುವುದೆಲ್ಲ ಆಯಿತು: ಬೆಳಗಾವಿಯ ತಕರಾರು, 1966ರಲ್ಲಿ ನೇಮಿಸಿದ ಮಹಾಜನ ಆಯೋಗ, 1967ರಲ್ಲಿ ಅದರ ವರದಿ, ಒಪ್ಪುತ್ತೇವೆ-ಒಪ್ಪುವುದಿಲ್ಲ, 2004ರಲ್ಲಿ ಮಹಾರಾಷ್ಟ್ರ ಹಾಕಿದ ಸುಪ್ರೀಂ ಕೋರ್ಟಿನ ದಾವೆ. ಅಂಗಳದ ಮೂಲೆಯ ಒಂದು ತೆಂಗಿನ ಮರಕ್ಕಾಗಿ ಮೂರು ತಲೆಮಾರು ಕಚೇರಿ ಅಲೆಯುವ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ದಾಯಾದಿ ಮತ್ಸರ ಅಂತ ನಮ್ಮ ಭಾಷೆಯಲ್ಲಿ ಅದಕ್ಕೊಂದು ಪ್ರತ್ಯೇಕ ಹೆಸರೇ ಇದೆ. ದೂರದವನ ಬಂಗಲೆ ನೋಡಿ ಹೊಟ್ಟೆ ಉರಿಯುವುದಿಲ್ಲ. ಜಪಾನು ಶ್ರೀಮಂತವಾದರೆ ಕಾಕಾಗೆ ಬೇಸರವಿಲ್ಲ.

ಮಹಾರಾಷ್ಟ್ರದ ಮಟ್ಟಿಗೆ ನಿಜವಾದ ಉರಿ ಕರ್ನಾಟಕದ ಮೇಲೆ ಅಲ್ಲ, ಗುಜರಾತಿನ ಮೇಲೆ. ಅದೂ ದಾಯಾದಿಯೇ, 1960ರ ಮೇ 1ರಂದು ಪಾಲಾದದ್ದು. 2022ರ ಸೆಪ್ಟೆಂಬರಿನಲ್ಲಿ ವೇದಾಂತ-ಫಾಕ್ಸ್‌ಕಾನ್ ಚಿಪ್ ಕಾರ್ಖಾನೆ ಗುಜರಾತಿಗೆ ಹೋಯಿತೆಂದು ಇಲ್ಲಿ ಎದ್ದ ಗದ್ದಲ ಅಷ್ಟಿಷ್ಟಲ್ಲ. ಮಜಾ ಅಂದರೆ 2023ರ ಜುಲೈಯಲ್ಲಿ ಆ ಎರಡು ಕಂಪನಿಗಳ ಜೋಡಿಯೇ ಮುರಿದುಬಿತ್ತು. ಬಾರದ ಕಾರ್ಖಾನೆಗಾಗಿ ಅಷ್ಟು ಜಗಳ!

ಕರ್ನಾಟಕದ ಬಗ್ಗೆ ಇಲ್ಲಿಯವರಿಗೆ ಇರುವುದು ಉರಿಗಿಂತ ಬೇರೆಯಾದ ಒಂದು ಭಾವನೆ. ನೂರು ವರ್ಷ ನಾವು ಇವರ ಬಾಗಿಲಿಗೆ ಕೆಲಸ ಕೇಳಿಕೊಂಡು ಬಂದವರು. ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ. ಅನ್ನ ಕೊಟ್ಟವರು ಅವರು, ಉಂಡವರು ನಾವು ಅನ್ನುವುದು ಈ ಊರಿನ ಮನಸ್ಸಿನಲ್ಲಿ ಕೂತುಬಿಟ್ಟಿದೆ. (ಅನ್ನ ಬೇಯಿಸಿ ಬಡಿಸಿದವರೂ ನಾವೇ ಅನ್ನುವುದು ಬೇರೆ ಮಾತು.) ಈಗ ಕಾಕಾ ಅವರ ಮೊಮ್ಮಗಳು ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ನೌಕರಿ ಮಾಡುತ್ತಾಳೆ. ಒಂದು ದಿನ ಅವರು ಕೇಳಿದರು, "ಅಲ್ಲಿ ಕನ್ನಡ ಬರಲ್ಲ ಅಂತ ಯಾರಾದರೂ ಅವಳಿಗೆ ತ್ರಾಸು ಕೊಡ್ತಾರಾ? ನೀನು ನಿಜ ಹೇಳು." ಆಗ ನನಗೆ ಅವರ ಅಂದಿನ ಮೌನದ ಅರ್ಥ ಆಯಿತು. ಅವರಿಗೆ ನೋವಾದದ್ದು ಹಣ ಕಮ್ಮಿಯಾಯಿತೆಂದಲ್ಲ. ಕೊಡುವವನ ಮಣೆಯಿಂದ ಎದ್ದು ಕೇಳುವವನ ಮಣೆಯಲ್ಲಿ ಕೂರಬೇಕಾಯಿತಲ್ಲ, ಅದು. ನೆರೆಯವನ ಸಂಪತ್ತು ನಮ್ಮ ಜೇಬಿನಿಂದ ಏನೂ ತೆಗೆಯುವುದಿಲ್ಲ, ನಾವು ಕೂತ ಮಣೆಯನ್ನು ಮಾತ್ರ ಎಳೆದುಬಿಡುತ್ತದೆ.

ಇಂಗ್ಲಿಷರ ಕತೆಯನ್ನು ಓದಿದಾಗಲೂ ನನಗೆ ಇದೇ ಕಂಡಿತು. 1945ರಲ್ಲಿ ಯುದ್ಧ ಗೆದ್ದವರು ಅವರು. ಗೆದ್ದವರ ಮನೆಯಲ್ಲಿ ರೇಷನ್ ಕಾರ್ಡು 1954ರ ವರೆಗೂ ಇತ್ತು. ಸೋತು ಸುಣ್ಣವಾದ ಪಶ್ಚಿಮ ಜರ್ಮನಿ ಹದಿನೈದೇ ವರ್ಷದಲ್ಲಿ ಎದ್ದು ನಿಂತು ಅವರನ್ನೂ ದಾಟಿತು. ಕಾರು ಮಾಡುವುದರಲ್ಲಿ ಸೋತವರು ಹಳೇ ಯುದ್ಧವನ್ನು ನೆನಪಿಸಿಕೊಂಡು ಸಮಾಧಾನಪಟ್ಟುಕೊಂಡರು. 1996ರ ಯುರೋಪ್ ಕಪ್ಪಿನಲ್ಲಿ ಇಂಗ್ಲೆಂಡ್-ಜರ್ಮನಿ ಫುಟ್‌ಬಾಲ್ ಪಂದ್ಯದ ಮುಂಚೆ ಅಲ್ಲಿನ ಡೈಲಿ ಮಿರರ್ ಪತ್ರಿಕೆ ಇಂಗ್ಲೆಂಡಿನ ಆಟಗಾರರಿಗೆ ಯುದ್ಧದ ಟೊಪ್ಪಿಗೆ ತೊಡಿಸಿ ಮುಖಪುಟದಲ್ಲಿ ಅಚ್ಚು ಹಾಕಿತ್ತು. ಪಂದ್ಯವನ್ನೂ ಜರ್ಮನಿಯೇ ಗೆದ್ದಿತು. ಇನ್ನು ಐರ್ಲೆಂಡ್. 1845ರಿಂದ ಬಟಾಟೆ ಬೆಳೆ ಕೊಳೆತು ಹತ್ತು ಲಕ್ಷ ಜನ ಸತ್ತು, ಅಷ್ಟೇ ಜನ ಊರು ಬಿಟ್ಟ ದೇಶ. ಇಂಗ್ಲೆಂಡಿನ ಕಾಲುವೆ, ರಸ್ತೆ, ರೈಲು ದಾರಿ ಅಗೆದವರು ಅಲ್ಲಿಯ ಕೂಲಿಗಳು. ಇವತ್ತು ತಲಾ ಲೆಕ್ಕದಲ್ಲಿ ಐರ್ಲೆಂಡ್ ಬ್ರಿಟನ್ನಿಗಿಂತ ಎಷ್ಟೋ ಮೇಲೆ. ಆ ಲೆಕ್ಕದಲ್ಲಿ ದೊಡ್ಡ ದೊಡ್ಡ ಅಮೆರಿಕನ್ ಕಂಪನಿಗಳು ತೆರಿಗೆ ಉಳಿಸಲು ತಂದಿಟ್ಟ ಲಾಭವೇ ಬಹಳ. 2015ರಲ್ಲಿ ಒಂದೇ ವರ್ಷಕ್ಕೆ ಅವರ ಉತ್ಪನ್ನ ನೂರಕ್ಕೆ 26ರಷ್ಟು ಏರಿತೆಂದಾಗ ಅರ್ಥಶಾಸ್ತ್ರಜ್ಞರೇ ನಕ್ಕರು. ಅದೇನೇ ಇರಲಿ, ಜರ್ಮನಿಯ ಮೇಲೆ ಇಂಗ್ಲಿಷರು ತೋರಿಸಿದಷ್ಟು ಸಿಡುಕು ಐರ್ಲೆಂಡಿನ ಮೇಲೆ ತೋರಿಸಲಿಲ್ಲ. ಅದು ಔದಾರ್ಯವೇನೂ ಅಲ್ಲ ಅಂತ ನನ್ನ ಗುಮಾನಿ. ನಿನ್ನೆ ತನ್ನ ಮನೆಗೆ ಕೂಲಿಗೆ ಬರುತ್ತಿದ್ದವನು ಇವತ್ತು ತನಗಿಂತ ಮೇಲಾದ ಅನ್ನುವುದನ್ನು ಮನಸ್ಸು ಬೇಗ ನೋಂದಾಯಿಸಿಕೊಳ್ಳುವುದೇ ಇಲ್ಲ.

ಕಾಕಾ ಕೇಳಿದ ಪ್ರಶ್ನೆಗೆ ನಾನು ನಿಜವಾದ ಉತ್ತರ ಕೊಡಬೇಕಿತ್ತಲ್ಲ. ಕೊಡುವುದು ಸುಲಭವಿರಲಿಲ್ಲ.

1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಅದಕ್ಕೂ ಮುಂಚಿನಿಂದಲೇ 'ಮಾರ್ಮಿಕ್' ವಾರಪತ್ರಿಕೆಯಲ್ಲಿ ಮುಂಬಯಿಯ ಕಂಪನಿಗಳಲ್ಲಿರುವ ದಕ್ಷಿಣದವರ ಹೆಸರುಪಟ್ಟಿ ಅಚ್ಚಾಗುತ್ತಿತ್ತು. 'ಲುಂಗಿ ಹಟಾವ್' ಕೂಗೆದ್ದಿತು, ಉಡುಪಿ ಹೋಟೆಲುಗಳ ಗಾಜು ಪುಡಿಯಾಯಿತು. 1969ರ ಫೆಬ್ರವರಿಯಲ್ಲಿ ಗಡಿ ಪ್ರಶ್ನೆಯ ಮೇಲೆ ಊರೇ ಹತ್ತಿ ಉರಿದು ಜನ ಸತ್ತರು. ಆ ದಿನಗಳನ್ನು ಕಂಡ ಹಿರಿಯರು ಅಂಗಡಿಯ ಬೋರ್ಡು ರಾತ್ರೋರಾತ್ರಿ ಇಳಿಸಿದ್ದನ್ನು ಹೇಳುತ್ತಿದ್ದರು. ಅನ್ಯಾಯ ಅಂದರೇನೆಂದು ನಾವು ಹೊರನಾಡಿನವರು ಕಲಿತದ್ದು ಅದರಿಂದ. ಈಗ ಬೆಂಗಳೂರಿನ ಮಣೆ ಎತ್ತರವಾಗಿದೆ. 2024ರ ಜುಲೈಯಲ್ಲಿ ಕರ್ನಾಟಕದ ಮಂತ್ರಿಮಂಡಲ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು: ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ 70 ಸ್ಥಳೀಯರಿಗೆ. ಉದ್ಯಮದವರು ಗಲಾಟೆ ಮಾಡಿದ್ದರಿಂದ ಎರಡೇ ದಿನದಲ್ಲಿ ತಡೆಹಿಡಿದರು. ಸ್ಥಳೀಯ ಅಂದರೆ ಯಾರು? ಕರ್ನಾಟಕದಲ್ಲಿ ಹುಟ್ಟಿರಬೇಕು, ಹದಿನೈದು ವರ್ಷ ಅಲ್ಲಿ ವಾಸವಿರಬೇಕು, ಕನ್ನಡ ಮಾತಾಡಲು ಓದಲು ಬರೆಯಲು ಬರಬೇಕು. ನಾನು ಆ ಕಲಮನ್ನು ಎರಡು ಸಲ ಓದಿದೆ. ನನ್ನ ಮಗ ಹುಟ್ಟಿದ್ದು ಇಲ್ಲಿ. ಮನೆಯಲ್ಲಿ ಕನ್ನಡವೇ ಆಡುತ್ತಾನೆ, ಅಂಗಡಿಯ ಬೋರ್ಡಾದರೆ ಅಕ್ಷರ ಕೂಡಿಸಿ ಓದುತ್ತಾನೆ, ಬರೆಯಲು ಬಾರದು. ಹದಿನೈದು ವರ್ಷದ ವಾಸದ ದಾಖಲೆ ತೋರಿಸಿ ಮಹಾರಾಷ್ಟ್ರ ಅವನಿಗೆ ಡೊಮಿಸೈಲ್ ಸರ್ಟಿಫಿಕೇಟು ಕೊಟ್ಟಿದೆ. ಅಂದರೆ ಆ ಮಸೂದೆ ಕಾನೂನಾಗಿದ್ದರೆ ಅವನು ಮಹಾರಾಷ್ಟ್ರದಲ್ಲಿ ಸ್ಥಳೀಯ, ಕರ್ನಾಟಕದಲ್ಲಿ ಪರಕೀಯ. ಕಾಕಾ ಅವರ ಮೊಮ್ಮಗಳೂ ಅವನೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಒಳನಾಡಿನ ಓದುಗರು ಇದಕ್ಕೆ ಸಿಟ್ಟಾಗಬಹುದು. ತಮ್ಮ ಊರಿನಲ್ಲೇ ತಮ್ಮ ಮಾತು ಕೇಳಿಸದಂತಾದಾಗ ಆಗುವ ಸಂಕಟ ಸುಳ್ಳಲ್ಲ, ಸರೋಜಿನಿ ಮಹಿಷಿ ಸಮಿತಿ 1983ರಲ್ಲಿ ಕೂತದ್ದು ಸುಮ್ಮನೆ ಅಲ್ಲ. 1966ರ ಮರಾಠಿ ಗುಮಾಸ್ತನ ಸಂಕಟವೂ ಸುಳ್ಳಲ್ಲ ಅಂತ ನಾನು ಈಗ ಒಪ್ಪುತ್ತೇನೆ. ನನ್ನ ತಕರಾರು ಒಂದೇ: ಅವರದನ್ನು ದಬ್ಬಾಳಿಕೆ, ನಮ್ಮದನ್ನು ಸ್ವಾಭಿಮಾನ ಅಂತ ಎರಡು ಬೇರೆ ಲೆಡ್ಜರಿನಲ್ಲಿ ಬರೆಯುವುದು ಸರಿಯಲ್ಲ. ಇನ್ನು ಚುರ್ ಅನ್ನುವ ಸರದಿ ನಮಗೂ ಬಂದಿದೆ. 2025ರ ಅಕ್ಟೋಬರಿನಲ್ಲಿ ಗೂಗಲ್ ಕಂಪನಿ 15 ಬಿಲಿಯನ್ ಡಾಲರಿನ ಡೇಟಾ ಸೆಂಟರಿಗೆ ವಿಶಾಖಪಟ್ಟಣವನ್ನು ಆರಿಸಿಕೊಂಡಾಗ ಆಂಧ್ರದ ಮಂತ್ರಿಗಳೂ ನಮ್ಮ ಮಂತ್ರಿಗಳೂ ಆಡಿಕೊಂಡ ಮಾತು ಕೇಳಿದ್ದರೆ, ಗುಜರಾತಿನ ಬಗ್ಗೆ ಇಲ್ಲಿಯವರು ಆಡಿದ್ದಕ್ಕೂ ಅದಕ್ಕೂ ಭಾಷೆಯೊಂದೇ ವ್ಯತ್ಯಾಸ.

ನಾನು ಬ್ಯಾಂಕಿನವನಾದ್ದರಿಂದ ಇನ್ನೊಂದು ಬಗೆಯ ನೋವೂ ಗೊತ್ತು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಹೊಟ್ಟೆ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ, 2020ರಲ್ಲಿ ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಕರಗಿದವು. ಮೂರರ ಕಡತಗಳೂ ಕೊನೆಗೆ ಬಂದದ್ದು ಮುಂಬಯಿಯ ಕಚೇರಿಗಳಿಗೆ. ಅಂದರೆ ಕರ್ನಾಟಕದ ತಲಾ ಆದಾಯ ಮೇಲೇರುತ್ತಿದ್ದ ವರ್ಷಗಳಲ್ಲೇ ಅದರ ಬ್ಯಾಂಕುಗಳು ಈಚೆ ಬಂದವು. ಯಾರು ಬಲಿಷ್ಠರಾದರು ಅಂತ ಹೇಳುವುದು ಅಷ್ಟು ಸುಲಭವಲ್ಲ.

ದಾಯಾದಿಯ ಏಳಿಗೆಯನ್ನು ಬೇರೆ ರೀತಿಯಲ್ಲಿ ನೋಡುವವರೂ ಇದ್ದಾರೆ. 2022ರ ಕೊನೆಯಲ್ಲಿ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕೆಲವು ಹಳ್ಳಿಯವರು ಕರ್ನಾಟಕಕ್ಕೆ ಸೇರುತ್ತೇವೆ ಅಂತ ಎದ್ದರು. ಪೇಪರುಗಳು ಅದನ್ನು ಭಾಷೆಯ ಜಗಳ ಮಾಡಿದವು. ಅವರು ಕೇಳಿದ್ದು ನೀರು. ಗಡಿಯಾಚೆ ಕರ್ನಾಟಕದ ಏತ ನೀರಾವರಿಯ ಕಾಲುವೆ ಹರಿಯುವುದು ಅವರಿಗೆ ಕಾಣುತ್ತಿತ್ತು, ತಮ್ಮ ಹೊಲ ಒಣಗಿತ್ತು. ಕೂಡಲೇ ಮಹಾರಾಷ್ಟ್ರ ಸರಕಾರ ಮ್ಹೈಸಾಳ ಯೋಜನೆಯ ವಿಸ್ತರಣೆಗೆ ಕೋಟಿಗಟ್ಟಲೆ ಹಣ ಮಂಜೂರು ಮಾಡಿತು. ಮರುವರ್ಷ ಕರ್ನಾಟಕದೊಳಗಿನ 865 ಹಳ್ಳಿಗಳಿಗೆ ತನ್ನ ಆರೋಗ್ಯ ಯೋಜನೆಯನ್ನೂ ಘೋಷಿಸಿತು. ಇದು ಪೈಪೋಟಿಯೇ, ಪ್ರೀತಿಯಲ್ಲ. ಆದರೆ ಜತ್ತದ ರೈತನಿಗೆ ಮತ್ಸರ ಅನ್ನುವುದು ಕೆಲಸಕ್ಕೆ ಬಂತು. ಪಕ್ಕದವನ ಹೊಲ ಹಸಿರಾಗಿದ್ದರೆ ನನ್ನದೂ ಆಗಬಹುದಲ್ಲ ಅಂತ ತನ್ನ ಯಜಮಾನನನ್ನೇ ಕೇಳಿದ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ಕೊಯ್ನಾದಿಂದ ನೀರು ಬಿಡಿ ಅಂತ ನಮ್ಮವರು ಮಹಾರಾಷ್ಟ್ರಕ್ಕೆ ಪತ್ರ ಬರೆಯುವುದೂ ಇದೆ. ದಾಯಾದಿಗಳು ಸೇರಿ ಮಾಡಿದ ಒಂದು ಒಳ್ಳೆಯ ಕೆಲಸ ನನ್ನ ಮನೆಯ ಹತ್ತಿರವೇ ಇದೆ: ಬೇಲಾಪುರದ ಕೊಂಕಣ ರೈಲ್ವೆಯ ಮುಖ್ಯ ಕಚೇರಿ. ರೈಲ್ವೆ 51 ಪಾಲು, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಕೇರಳ ಆರಾರು ಹಾಕಿ ಆ ಕಂಪನಿ ಕಟ್ಟಿದರು. 1998ರಲ್ಲಿ ಪೂರ್ತಿ ದಾರಿ ತೆರೆದ ಮೇಲೆ ಅಂಕೋಲೆಗೆ ಬಸ್ಸಿನಲ್ಲಿ ಸೊಂಟ ಮುರಿದುಕೊಳ್ಳುವುದು ತಪ್ಪಿತು. ಅಲ್ಲಿ ಯಾರ ತಲಾ ಆದಾಯ ಎಷ್ಟು ಅಂತ ಯಾರೂ ಕೇಳಲಿಲ್ಲ.

ಇಷ್ಟೆಲ್ಲ ಬರೆದ ಮೇಲೂ 181 ಅನ್ನುವ ಆ ಅಂಕಿ ನನ್ನನ್ನು ಬಿಡುವುದಿಲ್ಲ. ಸರಾಸರಿ ಅನ್ನುವುದು ಬಹಳ ನಯವಾದ ಸುಳ್ಳು. ಕರ್ನಾಟಕದ ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. 2002ರಲ್ಲಿ ನಂಜುಂಡಪ್ಪ ಸಮಿತಿ 175 ತಾಲೂಕುಗಳಲ್ಲಿ 114 ಹಿಂದುಳಿದವು ಅಂದಿತು. ಅತ್ಯಂತ ಹಿಂದುಳಿದ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವು. ಮಹಾರಾಷ್ಟ್ರದ್ದೂ ಇದೇ ಕತೆ, ಮುಂಬಯಿ-ಠಾಣೆ-ಪುಣೆ ಒಂದು ಕಡೆ, ಗಡಚಿರೋಲಿ-ನಂದುರ್ಬಾರ್ ಇನ್ನೊಂದು ಕಡೆ.

ಬೆಳಿಗ್ಗೆ ಏಳೂವರೆಗೆ ನೆರೂಳದ ನಾಕಾದಲ್ಲಿ ನಿಂತು ನೋಡಿದರೆ ಇದನ್ನು ಓದಿ ತಿಳಿಯಬೇಕಾಗಿಲ್ಲ. ಬುತ್ತಿ ಚೀಲ, ಬುಟ್ಟಿ, ಸಲಿಕೆ ಹಿಡಿದು ಸಾಲಾಗಿ ಕೂತಿರುತ್ತಾರೆ. ಕಿವಿಗೊಟ್ಟರೆ ಬೀಳುವುದು ಕನ್ನಡ, ನಡುನಡುವೆ ಲಂಬಾಣಿ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು. ನವಿ ಮುಂಬಯಿಯ ಎಷ್ಟು ಕಟ್ಟಡಗಳಿಗೆ ಇವರು ಗಾರೆ ಹೊತ್ತಿದ್ದಾರೋ! ಶ್ರೀಮಂತ ದಾಯಾದಿಯ ಮನೆಯಿಂದ ಬಡ ದಾಯಾದಿಯ ಮನೆಗೆ ಕೂಲಿಗೆ ಬಂದವರು ಇವರು, ಅಂಕಿಯ ಪ್ರಕಾರ.

"ಯಾವೂರಮ್ಮ?" ಅಂತ ಒಬ್ಬ ಹೆಂಗಸನ್ನು ಒಮ್ಮೆ ಕೇಳಿದೆ.

"ಚಿತ್ತಾಪುರ ಕಡಿ ರೀ ಸರ. ನಿಮ್ದು?"

"ಅಂಕೋಲೆ."

"ಅದು ಎಲ್ಲಿ ಬರ್ತದ್ರಿ?" ಅಂದಳು. ಕಾರವಾರದ ಹತ್ತಿರ ಅಂದೆ. ತಲೆಯಾಡಿಸಿದಳು, ಗೊತ್ತಾದ ಹಾಗೆ ಕಾಣಲಿಲ್ಲ. ಬೆಂಗಳೂರಿಗೆ ಯಾಕೆ ಹೋಗಲಿಲ್ಲ, ಈಗ ಅಲ್ಲೇ ದುಡ್ಡು ಜಾಸ್ತಿಯಂತಲ್ಲ, ಅಂತ ಕೇಳಿದೆ.

"ಹೋಗಿದ್ದೆವ್ರಿ, ಎರಡು ವರ್ಷ. ಅಲ್ಲಿ ಬಾಡಿಗಿ ಭಾಳ. ಇಲ್ಲಿ ನಮ್ಮ ಮಂದಿ ಅದಾರ, ರಾತ್ರಿ ಗಾಡಿ ಹತ್ತಿದ್ರ ಮುಂಜಾನಿ ಬರ್ತೀವಿ." ಅಷ್ಟರಲ್ಲಿ ಒಬ್ಬ ಮುಕಾದಮ ಟೆಂಪೋ ತಂದು ನಿಲ್ಲಿಸಿದ. ಎಂಟು ಮಂದಿ ಸಾಕು, ನಾಲ್ಕು ಹೆಂಗಸರು ನಾಲ್ಕು ಗಂಡಸರು ಅಂತ ಮರಾಠಿಯಲ್ಲಿ ಕೂಗಿದ. ಅವಳು ಮರಾಠಿಯಲ್ಲೇ ಕೂಲಿ ಚೌಕಾಸಿ ಮಾಡಿ, ಬುಟ್ಟಿ ಒಳಗೆ ಎಸೆದು ಹತ್ತಿದಳು.